ಶುಂಠಿಯ ಹಿಂದೆ ನಿಂತ ವಾಸನೆ

ಸಾಬ್ರೀನ್ ಆ ಕಾಗದದ ಪಟ್ಟಿಯನ್ನು ತವರಿನಲ್ಲಿ ಮೂರು ಸಲ ಮೂಸಿ ನೋಡಿದಳು. ಮೊದಲು ಅಡುಗೆಮನೆಯಲ್ಲಿ. ಒಗ್ಗರಣೆಯ ಹೊಗೆ ಸೇರಿರಬಹುದೆಂದು ಹಿತ್ತಿಲಿಗೆ ಬಂದು ಇನ್ನೊಮ್ಮೆ. ಹಿತ್ತಿಲಲ್ಲಿ ಪಕ್ಕದವರ ಕೋಳಿಗಳಿದ್ದವು. ಅವುಗಳದ್ದಿರಬಹುದೆಂದು ಕೊನೆಗೆ ತಾರಸಿ ಹತ್ತಿದಳು. ಚಿಕ್ಕಬಳ್ಳಾಪುರದ ಆ ತಾರಸಿಯ ಮೇಲೆ ಸ್ಕಂದಗಿರಿಯ ಕಡೆಯಿಂದ ಗಾಳಿ ಧಾರಾಳವಾಗಿ ಬೀಸುತ್ತಿತ್ತು. ಅಲ್ಲೂ ಅದೇ. ಹಿಂದಿನ ದಿನ ಪಟ್ಟಿಗೆ ಹಚ್ಚಿದ್ದ ಶುಂಠಿ ಎಣ್ಣೆಯ ಘಮ ಹಾರಿಹೋಗಿತ್ತು. ಅದರ ಹಿಂದೆ ಬೇಯಿಸಿದ ರೇಷ್ಮೆಹುಳದ ವಾಸನೆ ನಿಂತಿತ್ತು.

ಅದು ಭಾನುವಾರದ ಮಾತು. ಇವತ್ತು ಬುಧವಾರ. ನಾಳೆ ಹನ್ನೊಂದು ಗಂಟೆಗೆ ಅವಳ ಗಂಡ ಕಾಮ್ರಾನ್ ಎಣ್ಣೆಯ ಸೀಸೆ ಹಿಡಿದುಕೊಂಡು ಸೆಂಟು ತಯಾರಿಸುವ ಭಾನುಪ್ರಕಾಶ್ ಅವರ ಮುಂದೆ ಕೂರಬೇಕಿತ್ತು. ಮೂರು ದಿನದಿಂದ ಸಾಬ್ರೀನ್ ಈ ವಿಷಯವನ್ನು ಬಚ್ಚಿಟ್ಟುಕೊಂಡಿದ್ದಳು.

ಅವಳು ಸೊಸೆಯಾಗಿ ಬಂದದ್ದು ಶಿಡ್ಲಘಟ್ಟದ ಒಂದು ರೇಷ್ಮೆ ಶೆಡ್ಡಿನ ಮನೆಗೆ. ಮುಂದೆ ಮನೆ, ಹಿಂದೆ ಶೆಡ್ಡು, ನಡುವೆ ಅಂಗಳ. ಮಾವ ತಾಜ್ ಪಾಷಾ ಮಾರುಕಟ್ಟೆಯಿಂದ ಗೂಡು ತಂದು, ಬಿಸಿನೀರಿನ ಬೇಸಿನ್‌ಗಳಲ್ಲಿ ಬೇಯಿಸಿ, ನೂಲು ತೆಗೆಸುತ್ತಿದ್ದರು. ಅತ್ತೆಯೂ ಬೆಳಗಿನ ಜಾವದಿಂದ ಒಂದು ಬೇಸಿನ್ನಿಗೆ ಕೂರುತ್ತಿದ್ದರು. ನೂಲು ಕಳಚಿಕೊಂಡ ಮೇಲೆ ನೀರಿನಲ್ಲಿ ಸತ್ತ ಹುಳ ಉಳಿಯುತ್ತದೆ. ಅದರ ವಾಸನೆ ಮೀನಿನದ್ದಲ್ಲ, ಕೊಬ್ಬಿನದ್ದಲ್ಲ, ಎರಡೂ ಸೇರಿ ಹಳಸಿದಂಥದು. ಆ ಬೀದಿಯಲ್ಲಿ ಹುಟ್ಟಿ ಬೆಳೆದವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ.

ಮಧ್ಯಾಹ್ನ ನೂಲಿನ ಕೆಲಸ ಮುಗಿದ ಮೇಲೂ ಬಾಯ್ಲರು ಬಿಸಿಯಾಗಿಯೇ ಇರುತ್ತಿತ್ತು. ಆ ಆವಿಯನ್ನು ಸುಮ್ಮನೆ ಯಾಕೆ ಬಿಡಬೇಕು ಎಂದು ಎರಡು ವರ್ಷದ ಹಿಂದೆ ಕಾಮ್ರಾನನಿಗೆ ಹೊಳೆಯಿತು. ಒಂದು ಸ್ಟೀಲಿನ ಹಂಡೆ ಮಾಡಿಸಿದ. ಜಜ್ಜಿದ ಹಸಿ ಶುಂಠಿಯನ್ನು ಅದರಲ್ಲಿ ತುಂಬಿ, ಮುಚ್ಚಳದ ಸಂದಿಗೆ ಗೋಧಿಹಿಟ್ಟು ಮೆತ್ತಿ, ಕೆಳಗಿನಿಂದ ಆವಿ ಹಾಯಿಸಿದರೆ ಶುಂಠಿಯ ಖಾರ ಹಂಡೆಯಲ್ಲೇ ಉಳಿದು ಪರಿಮಳ ಮಾತ್ರ ಆವಿಯ ಜೊತೆ ಏಳುತ್ತದೆ. ತಣ್ಣೀರ ತೊಟ್ಟಿಯೊಳಗೆ ಸುತ್ತಿಟ್ಟ ಕೊಳವೆಯಲ್ಲಿ ಅದು ತಣಿದು ಗಾಜಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಕೆಳಗೆ ನೀರು, ಮೇಲೆ ಎಳೆ ಹಳದಿ ಎಣ್ಣೆ. ನೂರು ಕೆಜಿ ಶುಂಠಿಗೆ ಒಂದು ಲೋಟ ಎಣ್ಣೆ ಬಂದರೆ ಅವತ್ತು ಮನೆಯಲ್ಲಿ ಹಬ್ಬ.

ಆ ಎಣ್ಣೆ ಬೇಕಾಗಿದ್ದದ್ದು ಭಾನುಪ್ರಕಾಶ್ ಅವರಿಗೆ. ಸೋಪಿನ ಕಾರ್ಖಾನೆಯೊಂದರಲ್ಲಿ ಪರಿಮಳ ಬೆರೆಸುವ ಕೆಲಸ ಮಾಡಿ ನಿವೃತ್ತರಾಗಿ, ಈಗ ಚಿಕ್ಕಬಳ್ಳಾಪುರದಲ್ಲಿ ತಮ್ಮದೇ ಸಣ್ಣ ಸೆಂಟಿನ ಘಟಕ ಇಟ್ಟುಕೊಂಡವರು. ಫೋನಿನಲ್ಲಿ ಮೇಷ್ಟರ ಹಾಗೆ ಬಿಡಿಸಿ ಹೇಳಿದ್ದರು. "ಒಣಶುಂಠಿ ಎಣ್ಣೆ ಎಲ್ಲ ಕಡೆ ಸಿಗುತ್ತಪ್ಪ, ಅದು ಮರದ ಹಾಗೆ ಗಂಭೀರ. ನನಗೆ ಬೇಕಾಗಿರೋದು ಹಸಿ ಶುಂಠಿದು. ನಿಂಬೆಹಣ್ಣಿನ ಸಿಪ್ಪೆ ಹಿಂಡಿದ ಹಾಗೆ ಫಕ್ಕಂತ ಮೇಲೆ ಬರಬೇಕು. ಸೆಂಟು ಹಚ್ಚಿಕೊಂಡ ತಕ್ಷಣ ಮೂಗಿಗೆ ಮೊದಲು ಸಿಗೋದೇ ಅದು, ಮೊದಲು ಹೋಗೋದೂ ಅದೇ. ಆದರೆ ಹೋದ ಮೇಲೆ ಹಿಂದೆ ಏನನ್ನ ಬಿಟ್ಟು ಹೋಗುತ್ತೆ ಅಂತ ನೋಡಬೇಕು. ಸೀಸೆ ಮೂಸಿ ಚೆನ್ನಾಗಿದೆ ಅನ್ನೋರು ಬೇಕಾದಷ್ಟು ಜನ ಇದಾರೆ. ಪಟ್ಟಿ ಹಿಡಿದು ಕಾಯೋರು ಕಮ್ಮಿ." ಹಾಗೆಂದು ಒಂದು ಕಟ್ಟು ಕಾಗದದ ಪಟ್ಟಿಗಳನ್ನೂ ಕೊರಿಯರ್ ಮಾಡಿದ್ದರು. ಗುರುವಾರ ಹೊಸ ಎಣ್ಣೆ ತಂದು ತೋರಿಸಿದರೆ, ಒಪ್ಪಿಗೆಯಾದರೆ, ವರ್ಷವಿಡೀ ಅವರಿಗೇ.

ಆ ಕಟ್ಟು ಬಂದ ದಿನವೇ ಕಾಮ್ರಾನ್ ಅದನ್ನು ತಂದು ಹೆಂಡತಿಯ ಕೈಗಿಟ್ಟಿದ್ದ. "ನಮ್ಮ ಮನೇಲಿ ಒಳ್ಳೆ ಮೂಗು ನಿನ್ನದೇ. ಹೊರಗಿಂದ ಬಂದಿದೀಯ, ಕೆಮಿಸ್ಟ್ರಿ ಬೇರೆ ಓದಿದೀಯ. ನೀನು ಸರಿ ಅಂದ್ರೆ ಸರಿ."

ಅಲ್ಲಿಯೇ ಇತ್ತು ಕಷ್ಟ.

ಸಂಬಂಧ ಮಾತಾಡುವಾಗ ಸಾಬ್ರೀನಳ ದೊಡ್ಡಮ್ಮ ನಡುಮನೆಯಲ್ಲಿ, ಅತ್ತೆಯಾಗುವ ವಜೀರುನ್ನೀಸಾ ಎದುರಿಗೇ ಕೂತಿರುವಾಗ, ಮೆಲ್ಲಗೆ ಹೇಳುತ್ತೇನೆಂದುಕೊಂಡು ಜೋರಾಗಿಯೇ ಹೇಳಿಬಿಟ್ಟಿದ್ದರು: "ಎಲ್ಲ ಸರಿ, ಆ ಹುಳದ ವಾಸನೆ ಒಂದು." ವಜೀರುನ್ನೀಸಾ ಕೇಳಿಸಿಕೊಳ್ಳದವರ ಹಾಗೆ ನಕ್ಕು, ಸ್ವಲ್ಪ ಹೊತ್ತು ಬಿಟ್ಟು, ಸೆಕೆ ಎಂದು ನೆಪ ಹೇಳಿ ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕೂತರು. ತಮ್ಮ ಮೈಗೆ ತಾಕಿದ ಗಾಳಿ ಯಾರ ಕಡೆಗೂ ಹೋಗದಿರಲಿ ಎಂದು ಅವರು ಹಾಗೆ ಕೂತದ್ದನ್ನು ಕಂಡದ್ದು ಸಾಬ್ರೀನ್ ಒಬ್ಬಳೇ. ಆ ಮಾತು ತನ್ನ ಬಾಯಿಂದ ಎಂದೂ ಬರಬಾರದೆಂದು ಅವತ್ತೇ ತೀರ್ಮಾನ ಮಾಡಿಕೊಂಡಿದ್ದಳು.

ಮದುವೆಯಾಗಿ ಬಂದ ದಿನ ಅತ್ತೆ ಅವಳನ್ನು ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಶೆಡ್ಡಿನ ಕಡೆಯ ಕಿಟಕಿಗೆ ಹೊಸ ಹಲಗೆ ಹೊಡೆಸಿದ್ದರು. "ಇಲ್ಲಿ ನಿನಗೆ ವಾಸನೆ ಬರುತ್ತೇನು ಬೇಟಿ? ನಿಜ ಹೇಳು" ಎಂದು ಕೇಳಿದರು. ಸಾಬ್ರೀನಳ ಮೂಗಿನ ತುಂಬ ಆಗಲೇ ಅದೇ ಇತ್ತು. "ಏನೂ ಇಲ್ಲ ಅಮ್ಮೀ" ಎಂದಳು. ಅವರ ಮುಖ ಎಷ್ಟು ಹಗುರಾಯಿತೆಂದರೆ, ಮತ್ತೆ ಹದಿನೈದು ದಿನ ಅವಳು ಮೂಗು ಬಿಗಿಹಿಡಿದು ಉಸಿರಾಡಿದ್ದು ಅವಳಿಗೆ ಭಾರವೆನ್ನಿಸಲಿಲ್ಲ.

ಆ ಒಂದು ಸುಳ್ಳಿಗೆ ಈಗ ಎಂಟು ತಿಂಗಳು. ಪ್ರತಿ ಸಲ ಎಣ್ಣೆ ಇಳಿದಾಗಲೂ ಕಾಮ್ರಾನ್ ಸೀಸೆ ತಂದು ಅವಳ ಮೂಗಿನ ಬಳಿ ಹಿಡಿಯುತ್ತಿದ್ದ. ಶುಂಠಿಯ ಘಮದ ಅಡಿಯಲ್ಲಿ ಎಲ್ಲೋ ಒಂದು ಎಳೆ ಇದ್ದ ಹಾಗೆ ಅನ್ನಿಸುತ್ತಿತ್ತು. ಅದು ಸೀಸೆಯದ್ದೋ ಅಂಗಳದ್ದೋ ಯಾರು ಕಂಡರು? ಅಂಗಳದ್ದು ಎಂದುಕೊಂಡು "ಚೆನ್ನಾಗಿದೆ" ಅನ್ನುತ್ತಿದ್ದಳು. ತವರಿನ ತಾರಸಿಯ ಮೇಲೆ ಆ ನೆಪ ಉಳಿಯಲಿಲ್ಲ.

ಈಗ ಹೇಳಿದರೆ ಏನಾಗುತ್ತದೆ? ಎಣ್ಣೆಯಲ್ಲಿ ಹುಳದ ವಾಸನೆ ಇದೆ ಎಂದರೆ ಮನೆಯಲ್ಲಿ ಇದೆ ಎಂದ ಹಾಗೆ. ಮನೆಯಲ್ಲಿ ಇದೆ ಎಂದರೆ ಎಂಟು ತಿಂಗಳು ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ ಹಾಗೆ. ಹೇಳದಿದ್ದರೆ ನಾಳೆ ಭಾನುಪ್ರಕಾಶ್ ಪಟ್ಟಿ ಹಿಡಿದು ಕಾಯುತ್ತಾರೆ.

ಬೆಳಿಗ್ಗೆ ಹತ್ತಕ್ಕೆ ರಾಮಾಂಜಿನಪ್ಪನ ಟೆಂಪೊ ಬಂತು. ವಿದುರಾಶ್ವತ್ಥದ ಹತ್ತಿರ ಹನಿ ನೀರಿನಲ್ಲಿ ಶುಂಠಿ ಬೆಳೆಯುವ ಮನುಷ್ಯ. ಒದ್ದೆ ಗೋಣಿ ಮುಚ್ಚಿದ ಚೀಲಗಳನ್ನು ತಾನೇ ಇಳಿಸಿದ.

"ಒಂದೊಂದು ಗೆಡ್ಡೆನೂ ಬ್ರಷ್ಷಲ್ಲಿ ಉಜ್ಜಿ ತೊಳ್ದಿದೀವಿ ಕಣಮ್ಮ. ನಮ್ಮನೇವ್ಳು ಶ್ಯಾಮಲ ಸಿಪ್ಪೆನೂ ಹೆರೆದು ಕೊಡ್ತೀನಿ, ಸೆಂಟಿಗಲ್ವಾ, ಚೊಕ್ಕಟವಾಗಿರ್ಲಿ ಅಂತ ಕುಂತಿದ್ಲು. ಬ್ಯಾಡ ಕಣೇ, ಎಣ್ಣೆ ಸಿಪ್ಪೆ ಕೆಳ್ಗೇ ಇರ್ತದಂತೆ ಅಂದೆ. ಪಾಪಂ, ಚಾಕು ಹಿಡ್ಕೊಂಡು ಹಂಗೇ ಎದ್ದೋದ್ಲು."

ಸಾಬ್ರೀನ್ ನಗಲು ಪ್ರಯತ್ನಿಸಿದಳು.

"ನಾಳೆ ಪಾಸಾಗ್ತದಾ ನಮ್ಮ ಶುಂಠಿ? ಮುಂದಿನ ಸಲಕ್ಕೆ ಬಿತ್ತನೆ ಎತ್ತಿಟ್ಟಿದೀನಿ, ನಿಮ್ಮನೇವ್ರು ಹೇಳಿದ್ರಲ್ಲ, ಸಾಬ್ರೀನ್ ಮೂಗಲ್ಲಿ ಪಾಸಾಗಿದೆ ಅಂತ."

"ನಿಮ್ಮ ಶುಂಠೀಲಿ ಏನೂ ತಪ್ಪಿಲ್ಲ ರಾಮಾಂಜಿನಪ್ಪ" ಎಂದಳು. ಅಷ್ಟು ಮಾತ್ರ ನಿಜ ಹೇಳಲು ಸಾಧ್ಯವಾಯಿತು.

ಅವನು ಹೋದ ಮೇಲೆ ಅವಳ ಕಾಲು ತಾನಾಗಿ ಶೆಡ್ಡಿನ ಕಡೆ ನಡೆಯಿತು. ನೂಲಿನ ಹೊತ್ತಿನಲ್ಲಿ ಅವಳು ಒಳಗೆ ಹೋದವಳೇ ಅಲ್ಲ. "ನೀನು ಆಮೇಲೆ ಬಾ ಬೇಟಿ, ಈಗ ಹೊಗೆ" ಎಂದು ಅತ್ತೆ ಬಾಗಿಲಲ್ಲೇ ತಡೆಯುತ್ತಿದ್ದರು. ಇವತ್ತು ಅವರು ಗೋಧಿಹಿಟ್ಟು ತರಲು ಒಳಗೆ ಹೋಗಿದ್ದರು. ಬೇಸಿನ್‌ಗಳ ಕೆಲಸ ಮುಗಿಯುತ್ತ ಬಂದಿತ್ತು. ಕೊನೆಯ ಬೇಸಿನ್ನಿನ ಮುಂದೆ ಚಿಕ್ಕವೆಂಕಟಮ್ಮ ಕೂತಿದ್ದಳು, ಮೂವತ್ತು ವರ್ಷದಿಂದ ಅಲ್ಲೇ ನೂಲು ತೆಗೆಯುವವಳು.

"ಏನವ್ವಾ ಸಾಬ್ರೀನಮ್ಮ, ದಾರಿ ತಪ್ಪಿ ಬಂದ್ಯಾ? ಮೂಗು ಮುಚ್ಕೋ, ಸೆಂಟು ಮಾಡೋ ಮೂಗು ಹಾಳಾದಾತು!"

ಸಾಬ್ರೀನಳ ಕಣ್ಣು ಮಾವನ ಮೇಲಿತ್ತು. ತಾಜ್ ಪಾಷಾ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬಕೆಟ್ಟು ಹಿಡಿದು, ಬೇಸಿನ್ನಿನ ಬಿಸಿನೀರನ್ನು ಎತ್ತಿ ಎತ್ತಿ ಬಾಯ್ಲರಿಗೆ ನೀರು ಹೋಗುವ ತೊಟ್ಟಿಗೆ ಸುರಿಯುತ್ತಿದ್ದರು. ಕಂದುಬಣ್ಣದ, ನೊರೆನೊರೆಯಾದ ನೀರು.

"ಅಬ್ಬಾ, ಇದೇನು?" ಎಂದು ಮಾವನನ್ನು ಕೇಳಿದಳು.

"ಬಿಸಿನೀರು ಬೇಟಿ. ಚೆಲ್ಲೋದ್ಯಾಕೆ? ತಣ್ಣೀರು ಹಾಕಿದ್ರೆ ಆವಿ ಏಳೋಕೆ ಒಂದೂವರೆ ಗಂಟೆ ಬೇಕು. ನಿನ್ನ ಗಂಡ ಕಾಯ್ಕೊಂಡು ಕೂರ್ಬೇಕಲ್ಲ. ದಿನಾ ನಾನು ತುಂಬಿಸಿಟ್ಟುಬಿಡ್ತೀನಿ, ಅವನಿಗೆ ಗೊತ್ತೇ ಇಲ್ಲ." ಮಗನಿಗೆ ಗೊತ್ತಾಗದಂತೆ ಮಾಡಿದ ಒಂದು ಉಪಕಾರದ ಖುಷಿ ಅವರ ಮುಖದಲ್ಲಿತ್ತು.

ಸಾಬ್ರೀನಳಿಗೆ ಅರ್ಥವಾಯಿತು. ಹುಳ ಬೆಂದ ನೀರೇ ಕುದಿದು ಆವಿಯಾಗಿ ಶುಂಠಿಯೊಳಗೆ ಹಾಯುತ್ತಿತ್ತು. ಅದರ ಜೊತೆಗೇ ಅವಳಿಗೆ ಒಂದು ದಾರಿಯೂ ಕಂಡಿತು. ತೊಟ್ಟಿಯ ನೀರು ಬದಲಾಯಿಸಿದರಾಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಮಧ್ಯಾಹ್ನದ ನಮಾಜಿಗೆ ಮಾವ ಮಸೀದಿಗೆ ಹೋದರು. ಕಾಮ್ರಾನ್ ಶುಂಠಿ ಜಜ್ಜುವ ಯಂತ್ರದ ಮುಂದಿದ್ದ. ಹೆಂಗಸರು ಊಟಕ್ಕೆ ಎದ್ದರು. ಸಾಬ್ರೀನ್ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ತೊಟ್ಟಿಯ ತಳದ ಕೊಳಾಯಿ ತಿರುಗಿಸಿದಳು. ನೀರು ಚರಂಡಿಗೆ ಹರಿಯಿತು. ಬೋರ್‌ವೆಲ್ಲಿನ ಪೈಪು ಹಾಕಿ, ತೊಳೆದು, ಮತ್ತೆ ತುಂಬಿಸಿದಳು. ಕೆಲಸ ಮುಗಿಸಿ, ಒದ್ದೆ ಕಾಲಿನ ಗುರುತನ್ನು ಗೋಣಿಯಿಂದ ಒರೆಸಿ, ಮೇಲಿನ ಕೋಣೆಗೆ ಓಡಿಹೋಗಿ ಕಿಟಕಿಯ ಹಲಗೆಯ ಸಂದಿಯಿಂದ ನೋಡುತ್ತ ನಿಂತಳು.

ಮಾವ ಬಂದರು. ತೊಟ್ಟಿಗೆ ಕೈ ಅದ್ದಿದರು. ಮತ್ತೆ ಅದ್ದಿದರು. ಕೊಳಾಯಿ ಬಗ್ಗಿ ನೋಡಿದರು, ಸೋರುತ್ತಿದೆಯೇನೋ ಎಂದು ಬೆರಳಿಟ್ಟು ಪರೀಕ್ಷಿಸಿದರು. ತಲೆ ಕೆರೆದುಕೊಂಡರು. ಆಮೇಲೆ ಆ ವಯಸ್ಸಾದ ಮನುಷ್ಯ, ಯಾವ ದೂರೂ ಇಲ್ಲದೆ, ಬಕೆಟ್ಟು ತೆಗೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ತಣ್ಣೀರನ್ನು ಎರಡೆರಡು ಬಕೆಟ್ಟು ತೆಗೆದು ಚೆಲ್ಲುವುದು, ಬೇಸಿನ್ನಿನಲ್ಲಿ ಉಳಿದ ಬಿಸಿನೀರು ತಂದು ಹಾಕುವುದು. ಮೂರನೆಯ ಬಕೆಟ್ಟಿಗೆ ಸೊಂಟ ಹಿಡಿದು ಗೋಡೆಗೆ ಒರಗಿದರು. ನಾಲ್ಕನೆಯದಕ್ಕೆ ಬಗ್ಗಿದರು.

ಸಾಬ್ರೀನಳಿಗೆ ಮೆಟ್ಟಿಲು ಇಳಿದದ್ದು ನೆನಪಿಲ್ಲ.

"ಹಾಕಬೇಡಿ ಅಬ್ಬಾ! ಆ ನೀರು ಹಾಕಬೇಡಿ! ಎಣ್ಣೇಲಿ ಹುಳದ ವಾಸನೆ ಬರ್ತಿದೆ!"

ಯಂತ್ರ ನಿಂತಿತು. ಕಾಮ್ರಾನ್ ಶುಂಠಿ ಅಂಟಿದ ಕೈಯಲ್ಲೇ ಎದ್ದು ಬಂದ. ಹಿಟ್ಟಿನ ಪರಾತ ಹಿಡಿದ ವಜೀರುನ್ನೀಸಾ ಬಾಗಿಲಲ್ಲಿ ನಿಂತುಬಿಟ್ಟರು.

"ಯಾವ ಎಣ್ಣೇಲಿ?" ಎಂದ ಕಾಮ್ರಾನ್.

"ಎಲ್ಲದರಲ್ಲೂ. ಶುಂಠಿ ಹೋದ ಮೇಲೆ ಅದೇ ಉಳಿಯುತ್ತೆ. ಅಮ್ಮನ ಮನೇಲಿ ಪಟ್ಟಿ ನೋಡ್ದೆ."

"ಭಾನುವಾರ ನೋಡಿ ಬುಧವಾರ ಹೇಳ್ತಿದೀಯಾ? ಪ್ರತಿ ಸಲ ಚೆನ್ನಾಗಿದೆ ಅಂತಿದ್ಯಲ್ಲ? ನಾಳೆ ನಾನು ಹೋಗಿ ಅವರ ಮುಂದೆ ಕೂತಿದ್ರೆ?"

"ಕಾಮ್ರಾನ್, ಧ್ವನಿ ಇಳಿಸು" ಎಂದರು ತಾಜ್ ಪಾಷಾ. ಕೈಯಲ್ಲಿದ್ದ ಬಕೆಟ್ಟನ್ನು ನೆಲದ ಮೇಲೆ ಹುಷಾರಾಗಿ ಇಟ್ಟರು, ಅದು ಏನೋ ತಪ್ಪು ಮಾಡಿದ ಹಾಗೆ. "ನೀರು ಹಾಕಿದ್ದು ನಾನು. ಬಯ್ಯೋದಿದ್ರೆ ನನ್ನನ್ನ ಬಯ್ಯಿ."

ವಜೀರುನ್ನೀಸಾ ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಮೊದಲನೇ ದಿನ ನಾನು ಕೇಳಿದ್ದೆನಲ್ಲ ಬೇಟಿ?"

"ಕೇಳಿದ್ರಿ ಅಮ್ಮೀ. ನಾನು ಸುಳ್ಳು ಹೇಳ್ದೆ."

ಅವರು ಪರಾತವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ವಾಸಿಯಿತ್ತು ಎನ್ನಿಸಿತು ಸಾಬ್ರೀನಳಿಗೆ.

ಅವತ್ತು ಎಣ್ಣೆ ತೆಗೆಯಲಿಲ್ಲ. ಕಾಮ್ರಾನ್ ಬೆಂಕಿ ಆರಿಸಿ, ಬಾಯ್ಲರಿನ ನೀರನ್ನೆಲ್ಲ ಬಿಟ್ಟು, ಶುಂಠಿಯನ್ನು ಮತ್ತೆ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ. ಸಂಜೆ ಭಾನುಪ್ರಕಾಶ್ ಅವರಿಗೆ ಫೋನು ಮಾಡಿ ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದ. ಅವರು "ಸೋಮವಾರ. ಅದರ ಮೇಲೆ ನಾನು ಕಾಯಲ್ಲ, ಇನ್ನಿಬ್ಬರು ತೋರಿಸ್ತೀನಿ ಅಂದಿದಾರೆ" ಎಂದು ಇಟ್ಟರಂತೆ.

ಗುರುವಾರವಿಡೀ ವಜೀರುನ್ನೀಸಾ ಊಟ ಬಡಿಸಿದರು, ಉಪ್ಪು ಸಾಕೇ ಎಂದು ಕೇಳಿದರು, ಸೊಸೆಯ ತಟ್ಟೆಗೆ ಎಂದಿನಂತೆ ಒಂದು ತುಂಡು ಹೆಚ್ಚು ಹಾಕಿದರು. ಆದರೆ ಬಡಿಸುವಾಗ ಕೈಯನ್ನು ಅಷ್ಟು ದೂರದಿಂದ ಚಾಚುತ್ತಿದ್ದರು. ಸಾಬ್ರೀನ್ ತವರಿಗೆ ಫೋನು ಮಾಡೋಣವೆಂದುಕೊಂಡಳು. ಏನು ಹೇಳುವುದು? ದೊಡ್ಡಮ್ಮ ಹೇಳಿದ ಮಾತನ್ನೇ ನಾನೂ ಹೇಳಿಬಿಟ್ಟೆ ಎಂದೇ?

ಸಂಜೆ ಅತ್ತೆ ಮೇಲಿನ ಕೋಣೆಗೆ ಬಂದರು. ಮಂಚದ ಮೇಲೆ ಕೂರದೆ ಹೊಸ್ತಿಲ ಬಳಿ ನೆಲದ ಮೇಲೆ ಕೂತರು.

"ನಾನು ಚಿಂತಾಮಣಿಯಿಂದ ಬಂದೋಳು. ನಮ್ಮಪ್ಪಂದು ಬಳೆ ಅಂಗಡಿ" ಎಂದು ಶುರು ಮಾಡಿದರು. "ಇಲ್ಲಿಗೆ ಬಂದು ಒಂದು ತಿಂಗಳು ತಿಂದಿದ್ದೆಲ್ಲ ವಾಂತಿ. ಎಲ್ಲರೂ ಸಿಹಿಸುದ್ದಿ ಅಂತ ಖುಷಿ ಪಟ್ಟರು. ನಾನು ವಾಸನೆಗೆ ಅಂತ ಹೇಳ್ಲಿಲ್ಲ. ಹೇಗೆ ಹೇಳೋದು, ನಮ್ಮತ್ತೆ ಕೈಯಾರೆ ತಿನ್ನಿಸ್ತಿದ್ರು. ಎರಡನೇ ವರ್ಷ ಒಂದಿನ ಬೆಳಿಗ್ಗೆ ಎದ್ದೆ, ವಾಸನೆ ಇಲ್ಲ. ಖುಷಿಯಾಗ್ಬೇಕಿತ್ತು, ಆಗ್ಲಿಲ್ಲ. ಹೆದರಿಕೆ ಆಯ್ತು. ಇನ್ಮೇಲೆ ನನ್ನ ಮೈ ಹೇಗಿದೆ ಅಂತ ನನಗೇ ಗೊತ್ತಾಗಲ್ವಲ್ಲ ಅಂತ."

ಸಾಬ್ರೀನ್ ಅಳುತ್ತಿದ್ದಳು.

"ಅಳಬೇಡ. ನೀನು ಸುಳ್ಳು ಹೇಳ್ತಿದೀಯ ಅಂತ ಆವತ್ತೇ ನನಗೆ ಅನುಮಾನ ಇತ್ತು. ಹೌದಾ ಅಂತ ಇನ್ನೊಂದ್ಸಲ ಕೇಳೋಕೆ ನನಗೂ ಧೈರ್ಯ ಇರ್ಲಿಲ್ಲ. ಹೇಳಿದ್ದು ತಪ್ಪಲ್ಲ ಬೇಟಿ. ಆ ಸುಳ್ಳಿನ ಮೇಲೆ ಇಷ್ಟು ದಿನ ನಾನು ನೆಮ್ಮದಿಯಾಗಿ ಮಲಗಿದ್ನಲ್ಲ, ಅದಕ್ಕೆ ನಾಚಿಕೆ." ಆಮೇಲೆ ಕೇಳಿದರು. "ನಿನಗೆ ಈಗಲೂ ಬರುತ್ತಾ?"

"ಬರುತ್ತೆ. ಮೊದಲಿನಷ್ಟು ಇಲ್ಲ."

"ಅದೇ. ನಿನ್ನ ಮೂಗೂ ಒಂದಿನ ಸುಮ್ಮನಾಗುತ್ತೆ. ಅಷ್ಟರೊಳಗೆ ಏನೇನಿದೆಯೋ ಎಲ್ಲ ಹೇಳಿಬಿಡು. ಏಳು."

ಅದು ಸಾಬ್ರೀನಳಿಗೆ ಹೊಳೆದೇ ಇರಲಿಲ್ಲ. ತಾರಸಿಯ ಮೇಲೆ ಎದ್ದ ಹೆದರಿಕೆಗಿಂತ ಇದು ದೊಡ್ಡದು. ಇಬ್ಬರೂ ಇಳಿದು ಬಂದರು. ಶೆಡ್ಡಿನಲ್ಲಿ ಒಂದೊಂದನ್ನೇ ಎತ್ತಿ ಮೂಸುವುದು, ಹೇಳುವುದು. ಶುಂಠಿ ತುಂಬುತ್ತಿದ್ದ ಪ್ಲಾಸ್ಟಿಕ್ ಕ್ರೇಟು, ಗೂಡಿನದ್ದು: ಇದೆ. ಎಣ್ಣೆ ಸೋಸುವ ಬಟ್ಟೆ: ಇದೆ. ಕೊಳವೆ: ಇಲ್ಲ. ಗಾಜಿನ ಪಾತ್ರೆ: ಇಲ್ಲ. ಮಾವ ಹೆಗಲ ಮೇಲಿನ ಟವೆಲ್ಲನ್ನು ತಾವಾಗಿ ತೆಗೆದು ಮುಂದೆ ಹಿಡಿದರು.

"ನೋಡು."

"ಅಬ್ಬಾ, ಅದು ಬೇಡ."

"ನೋಡಮ್ಮ. ನಾನೇನು ಮದುಮಗನಾ?"

"ಇದೆ ಅಬ್ಬಾ. ಬಹಳ ಇದೆ."

ಬೇಸಿನ್ ತೊಳೆಯಲು ಉಳಿದುಕೊಂಡಿದ್ದ ಚಿಕ್ಕವೆಂಕಟಮ್ಮ ದೂರದಿಂದಲೇ ಕೈ ಮುಗಿದಳು. "ನನ್ನ ಮಾತ್ರ ಮೂಸ್ಬ್ಯಾಡವ್ವಾ, ನಂಗೊತ್ತು!" ಬುಧವಾರದಿಂದ ಈಚೆಗೆ ಮೊದಲ ಸಲ ಆ ಅಂಗಳದಲ್ಲಿ ನಗು ಕೇಳಿಸಿತು. ಕಾಮ್ರಾನ್ ನಗಲಿಲ್ಲ. ಆದರೆ ಹೆಂಡತಿ ಮೂಸಿ ಕೆಳಗಿಟ್ಟದ್ದನ್ನೆಲ್ಲ ಒಂದೊಂದಾಗಿ ಹೊರಗೆ ಸಾಗಿಸಿದ.

ಶುಕ್ರವಾರ ಬೋರ್‌ವೆಲ್ಲಿನ ನೀರು, ಹೊಸ ಬುಟ್ಟಿ, ಹೊಸ ಬಟ್ಟೆ. ವಜೀರುನ್ನೀಸಾ ಎಂದಿನಂತೆ ಬಿಸ್ಮಿಲ್ಲಾ ಎಂದು ಗೋಧಿಹಿಟ್ಟು ಕಲಸಿ ಹಂಡೆಯ ಮುಚ್ಚಳದ ಸುತ್ತ ತಾವೇ ಮೆತ್ತಿದರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಎಣ್ಣೆ ಇಳಿಯಿತು. ಸಾಬ್ರೀನ್ ಪಟ್ಟಿ ಅದ್ದಿ, ತಾಜಾ ಗಾಳಿ ಬೇಕೆಂದು ಅದನ್ನು ಊರಾಚೆ ಗೆಳತಿಯೊಬ್ಬಳ ಮನೆಯಲ್ಲಿ ಇಟ್ಟು ಬಂದಳು. ಶನಿವಾರ ಬೆಳಿಗ್ಗೆ ಹೋಗಿ ಅಲ್ಲಿಯೇ ಮೂಸಿದಳು. ಕಣ್ಣು ಮುಚ್ಚಿ ಮತ್ತೆ ಮೂಸಿದಳು.

ಭಾರವಾದ ವಾಸನೆ ಇರಲಿಲ್ಲ. ಆದರೆ ತುದಿಯಲ್ಲಿ, ನೂಲಿನ ಕೊನೆಯ ಎಳೆಯಷ್ಟು ತೆಳ್ಳಗೆ, ಇನ್ನೂ ಇತ್ತು. ತನ್ನ ಮೂಗನ್ನೇ ನಂಬಬಹುದೇ ಎಂದು ಗೆಳತಿಗೂ ಕೊಟ್ಟಳು. ಅವಳು ಮೂಗು ಸೊಟ್ಟಗೆ ಮಾಡಿದಳು.

ಮನೆಯವರೆಗೆ ಆಟೊದಲ್ಲಿ ಬರುವಾಗ ಲೆಕ್ಕ ಹಾಕಿದಳು. ನೀರಲ್ಲ. ಬುಟ್ಟಿಯಲ್ಲ, ಬಟ್ಟೆಯಲ್ಲ. ಆವಿ ಮುಟ್ಟುವಂಥದು ಇನ್ನೇನಿದೆ? ಮುಚ್ಚಳದ ಒಳಅಂಚಿಗೆ ಆತುಕೊಂಡು ಆರು ಗಂಟೆ ಬಿಸಿ ಆವಿಯಲ್ಲಿ ಬೇಯುವುದು ಹಿಟ್ಟು. ಹಿಟ್ಟು ಹೊಸದು. ಕಲಸಿದ ಕೈ ಬೆಳಿಗ್ಗೆ ನಾಲ್ಕರಿಂದ ಬೇಸಿನ್ನಿನ ನೀರಿನಲ್ಲಿತ್ತು.

ಅವಳಿಗೆ ಆಟೊದವನಿಗೆ ಹಿಂದಕ್ಕೆ ತಿರುಗಿಸು ಅನ್ನಬೇಕೆನ್ನಿಸಿತು.

ಅಂಗಳದಲ್ಲಿ ಎಲ್ಲರೂ ಕಾಯುತ್ತಿದ್ದರು. ರಾಮಾಂಜಿನಪ್ಪನೂ ಬಂದಿದ್ದ, ವಿಷಯ ತಿಳಿದು, ಕೇಳದೆಯೇ, ಇನ್ನೊಂದು ಸಲಕ್ಕೆ ಬೇಕಾದೀತೆಂದು ಎರಡು ಚೀಲ ಶುಂಠಿ ಹಾಕಿಕೊಂಡು. ಮಾವನ ಮುಖದಲ್ಲಿ ಆಗಲೇ ಗೆಲುವಿತ್ತು.

"ಹೇಗಿದೆ?" ಎಂದ ಕಾಮ್ರಾನ್.

ಏನೂ ಇಲ್ಲ ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂದು ನಿಂತಿತು. ಸೋಮವಾರ ಭಾನುಪ್ರಕಾಶ್ ಅವರಿಗೂ ಇಷ್ಟು ತೆಳ್ಳನೆಯದು ಗೊತ್ತಾಗದೆ ಹೋಗಬಹುದು. ಗೊತ್ತಾಗಲೂಬಹುದು.

"ಇದೆ" ಎಂದಳು. "ಸ್ವಲ್ಪ."

"ಇನ್ನೂ ಎಲ್ಲಿಂದ?" ಕಾಮ್ರಾನ್ ತಲೆಯ ಮೇಲೆ ಕೈ ಹೊತ್ತು ಕೂತ. "ಎಲ್ಲ ಬದಲಾಯಿಸಿದ್ದೀವಲ್ಲ!"

ಸಾಬ್ರೀನ್ ಅವನ ಕಡೆ ನೋಡಲಿಲ್ಲ. ಅತ್ತೆಯ ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದಳು. "ಹಿಟ್ಟಿನಿಂದ ಅಮ್ಮೀ."

ವಜೀರುನ್ನೀಸಾ ತಕ್ಷಣ ಅರ್ಥ ಮಾಡಿಕೊಳ್ಳಲಿಲ್ಲ. "ಹಿಟ್ಟು ಮೊನ್ನೆ ತಾನೇ ಬೀಸಿಸಿದ್ದು..." ಎಂದವರು ನಡುವೆ ನಿಂತರು. ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ನಲವತ್ತು ವರ್ಷ ಬಿಸಿನೀರಿನಲ್ಲಿ ಬೆಂದು ಬೆಳ್ಳಗೆ ಸುಕ್ಕುಗಟ್ಟಿದ ಬೆರಳುಗಳು. ಮೂಗಿನ ಬಳಿಗೆ ಒಯ್ದರು. ಅವರಿಗೆ ಏನೂ ತಿಳಿಯಲಿಲ್ಲವೆಂದು ಅವರ ಕಣ್ಣೇ ಹೇಳಿತು.

ಸಾಬ್ರೀನ್ ಕಾದಳು. ಅವಳ ಜೀವಮಾನದಲ್ಲಿ ಅಷ್ಟು ಉದ್ದನೆಯ ನಿಮಿಷ ಬಂದಿರಲಿಲ್ಲ.

"ಇವತ್ತು ಹೇಳೋಕೆ ಮೂರು ದಿನ ತಗೊಳ್ಲಿಲ್ಲ ನೀನು" ಎಂದರು ವಜೀರುನ್ನೀಸಾ ಕೊನೆಗೆ. ಪರಾತ ತಂದು ಸೊಸೆಯ ಮುಂದಿಟ್ಟು, ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. "ಕಲಸು."

ಸಾಬ್ರೀನ್ ಕೂತು ಕಲಸಿದಳು. ನೀರು ಹೆಚ್ಚಾಯಿತು.

"ಇದೇನು ಹಿಟ್ಟಾ, ಅಂಟಾ? ಚಿಕ್ಕಬಳ್ಳಾಪುರದಲ್ಲಿ ರೊಟ್ಟಿ ತಿನ್ನಲ್ವಾ? ಇನ್ನೊಂದು ಹಿಡಿ ಹಾಕು. ಅಂಗೈಯಲ್ಲಿ ನಾದು, ಬೆರಳಲ್ಲಿ ಅಲ್ಲ. ಯಾ ಅಲ್ಲಾ, ಈ ಹುಡುಗಿಗೆ ಬಿ.ಎಸ್ಸಿ. ಕೊಟ್ಟೋರ್ಯಾರು!"

ಬೈಗುಳ ಅವರ ಬಾಯಿಂದ ಅವಳಿಗೆ ಬಿದ್ದದ್ದು ಎಂಟು ತಿಂಗಳಲ್ಲಿ ಅದೇ ಮೊದಲು. ಸಾಬ್ರೀನಳ ಭುಜ ತಾನಾಗಿ ಸಡಿಲವಾಯಿತು.

ಭಾನುವಾರ ಸಂಜೆ ಗೆಳತಿಯ ಮನೆಯಲ್ಲಿ ಹೊಸ ಎಣ್ಣೆಯ ಪಟ್ಟಿಯ ಮೇಲೆ ಉಳಿದದ್ದು ಒಣಗಿದ ನಿಂಬೆಸಿಪ್ಪೆಯಂಥ ಒಂದು ಸಣ್ಣ ಘಮ ಮಾತ್ರ. ಸೋಮವಾರ ಕಾಮ್ರಾನ್ ಒಬ್ಬನೇ ಹೊರಟವನು ಬಸ್‌ಸ್ಟಾಂಡಿನಿಂದ ವಾಪಸು ಬಂದು, "ನೀನೂ ಬಾ, ಏನಾದ್ರೂ ಕೇಳಿದ್ರೆ ನನಗೆ ಹೇಳೋಕೆ ಬರಲ್ಲ" ಎಂದು, ಮುಖ ನೋಡದೆ ಹೆಂಡತಿಯನ್ನು ಕರೆದ. ಐದು ದಿನದಲ್ಲಿ ಅವನು ಅವಳೊಬ್ಬಳಿಗೇ ಎಂದು ಹೇಳಿದ ಮೊದಲ ಪೂರ್ತಿ ಮಾತು ಅದು.

ಭಾನುಪ್ರಕಾಶ್ ಪಟ್ಟಿಯನ್ನು ಅದ್ದಿ, ಮೂಸಿ, ಮೇಜಿನ ಅಂಚಿಗೆ ಸಿಕ್ಕಿಸಿ ತಮ್ಮ ಕೆಲಸಕ್ಕೆ ಹೋದರು. ಗಂಡಹೆಂಡತಿ ಗೋಡೆಯ ಗಡಿಯಾರ ನೋಡುತ್ತ ಎರಡು ಗಂಟೆ ಕೂತರು. ಅವರು ಬಂದು ಪಟ್ಟಿ ಎತ್ತಿದಾಗ ಸಾಬ್ರೀನ್ ಕಾಮ್ರಾನನ ತೋಳು ಹಿಡಿದುಕೊಂಡದ್ದು ಅವಳಿಗೇ ಗೊತ್ತಿರಲಿಲ್ಲ. ಅವರು ಒಮ್ಮೆ ಮೂಸಿದರು. ಕಿಟಕಿ ತೆರೆದು, ಗಾ‌ಳಿಗೆ ಹಿಡಿದು, ಮತ್ತೊಮ್ಮೆ ಮೂಸಿದರು.

"ಎರಡು ಲೀಟರು ಮಾಡಿ ಕೊಡಿ ಮೊದಲಿಗೆ. ಇದೇ ಥರ ಇರಬೇಕು" ಎಂದರು. "ಯಾರು ಪರೀಕ್ಷೆ ಮಾಡೋದು ನಿಮ್ಮಲ್ಲಿ?"

ಕಾಮ್ರಾನ್ ಹೆಂಡತಿಯ ಕಡೆ ನೋಡಿದ. ಹೊರಗೆ ಬಂದು ಫೋನು ಅವಳ ಕೈಗೇ ಕೊಟ್ಟ. ಮೊದಲ ರಿಂಗಿಗೇ ವಜೀರುನ್ನೀಸಾ ಎತ್ತಿದರು. "ಏನಂದ್ರು ಬೇಟಿ? ಇದ್ದಿದ್ದು ಇದ್ದ ಹಾಗೆ ಹೇಳು" ಎಂದರು. ಅವರ ಉಸಿರು ಜೋರಾಗಿ ಕೇಳಿಸುತ್ತಿತ್ತು.